ಕಡಿಮೆ ಇರುವುದು ಕಬ್ಬಿಣವಲ್ಲ

ಮನೆಯಿಂದ,
ಹದಿನೇಳನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಾವನವರಿಗೆ,

ಹಾಗಲ್ಲ ಮಾವ, ನನ್ನ ರಕ್ತದಲ್ಲಿ ಕಡಿಮೆ ಇರುವುದು ಕಬ್ಬಿಣವಲ್ಲ. ನಿನ್ನೆ ಫೋನಿನಲ್ಲಿ ನೀವು ಸೊಪ್ಪು ತಿನ್ನು, ಖರ್ಜೂರ ತಿನ್ನು ಅಂದಾಗಲೆಲ್ಲ ನಾನು ಹೂಂ ಹೂಂ ಅಂದೆ. ಬೇರೆ ದಾರಿ ಇರಲಿಲ್ಲ. ನೀವು ಫೋನನ್ನು ಸ್ಪೀಕರಿಗೆ ಹಾಕಿಕೊಂಡೇ ಮಾತಾಡುವವರು. ಆ ಕಡೆ ನಾದಿನಿ ಪಾತ್ರೆ ಜೋಡಿಸುವ ಸದ್ದು, ಷಡ್ಡಕರು ಕೆಮ್ಮಿದ್ದು, ಎಲ್ಲ ನನಗೆ ಕೇಳುತ್ತಿತ್ತು. ಅಂದ ಮೇಲೆ ನನ್ನದೂ ಅವರಿಗೆ ಕೇಳುತ್ತಿತ್ತು. ಅದಕ್ಕೇ ಈ ಕಾಗದ. ಓದಿ ಹರಿದುಹಾಕಿ. ಇರಲಿ, ಆಪರೇಷನ್ನಿಗೆಂದು ಇಲ್ಲಿಂದ ನಾದಿನಿಯ ಮನೆಗೆ ಹೋದಿರಿ, ಮೊದಲು ಮಂಡಿ ಹೇಗಿದೆ ಹೇಳಿ. ಹೊಲಿಗೆ ಬಿಚ್ಚಿದರಂತೆ, ಊತ ಇಳಿಯಿತೇ? ವಾಕರ್ ಹಿಡಿದು ನಡೆಯುವಾಗ ಎದುರಿಗೆ ನೋಡಿ ಅಂತ ಫಿಸಿಯೋ ಹುಡುಗಿ ಬಡಕೊಂಡರೂ ನೀವು ನೆಲವನ್ನೇ ನೋಡುತ್ತೀರಂತೆ, ನಾದಿನಿಯ ದೂರು. "ಬೀಳೋನಿಗೆ ನೆಲ ನೋಡಿದ್ರೇನು, ಸೂರು ನೋಡಿದ್ರೇನು" ಅಂದಿರಂತೆ. ನಕ್ಕೆ. ಅಂದರೆ, ಅದು ನಗಬೇಕಾದ ಜಾಗ ಅಂತ ಗೊತ್ತಾಯಿತು. ಈಚೆಗೆ ನನ್ನ ನಗು ಅಷ್ಟೇ.

ವಿಷಯಕ್ಕೆ ಬರುತ್ತೇನೆ. ಟು ಕಟ್ ಎ ಲಾಂಗ್ ಸ್ಟೋರಿ ಅಂತೇನೋ ಕಾಲೇಜಿನಲ್ಲಿ ಕಲಿಸಿದ್ದರು, ಮುಂದಿನದು ಮರೆತುಹೋಗಿದೆ, ಹಾಗಾಗಿ ಸ್ಟೋರಿ ಲಾಂಗಾಗಿಯೇ ಉಳಿಯುತ್ತದೆ. ಅಂಗಡಿಯಲ್ಲಿ ಕನ್ನಡಕದ ಗಾಜು ಉಜ್ಜುವ ಮೆಷಿನ್ನಿನ ಮುಂದೆ ಕೂತಲ್ಲೇ ತೂಕಡಿಸುತ್ತಿದ್ದೆ. ಒಂದು ದಿನ ಎಡಗಣ್ಣಿನ ಗಾಜನ್ನು ಬಲಗಣ್ಣಿಗೆ ಕೂರಿಸಿಕೊಟ್ಟೆ. ಗಿರಾಕಿ ಮೆಟ್ಟಿಲು ಇಳಿಯಲಾರದೆ ಗೋಡೆ ಹಿಡಿದುಕೊಂಡು ವಾಪಸು ಬಂದರು. ಯಜಮಾನರು ಬೈಯಲಿಲ್ಲ. "ಹೆಂಡತಿ ಹೋದ ಮನುಷ್ಯ, ಬಿಡ್ರಪ್ಪ" ಅಂದರು. ಎರಡು ವರ್ಷದಿಂದ ಎಲ್ಲದಕ್ಕೂ ಇದೇ ರಿಯಾಯಿತಿ. ಬೆಳಿಗ್ಗೆ ಶಟರ್ ಎತ್ತಲು ಕೈ ಸೋತರೂ ಅದೇ ಮಾತು, ವಾರವಾದರೂ ಗಡ್ಡ ಸರಿಯಾಗಿ ಬರದಿದ್ದರೂ ಅದೇ ಮಾತು. ನಿಮ್ಮ ಮಗಳು ಹೋದ ಮೇಲೆ ನನಗೆ ಹೆಣ್ಣಿನ ಯೋಚನೆ ಅಂತ ಬಂದೇ ಇಲ್ಲ ಮಾವ, ಕನಸಿನಲ್ಲೂ ಇಲ್ಲ. ಅಳಿಯನಾದವನು ಮಾವನಿಗೆ ಬರೆಯುವ ಮಾತಲ್ಲ, ಆದರೆ ಬರೆಯಲು ಇನ್ನು ಯಾರಿದ್ದಾರೆ. ಅದನ್ನೂ ನಾನು ದುಃಖದ ಪಾಲಿಗೇ ಬಿಟ್ಟಿದ್ದೆ. ನೀವೂ ಅಷ್ಟೇ. ಮನೆಗೆ ಬಂದವರಿಗೆಲ್ಲ "ನನ್ನ ಅಳಿಯನ ಹಾಗೆ ದುಃಖಪಟ್ಟ ಗಂಡಸರನ್ನ ತೋರಿಸಿ ನೋಡೋಣ" ಅನ್ನುತ್ತಿದ್ದಿರಿ. ನಾನು ಪಕ್ಕದಲ್ಲಿ ಬಹುಮಾನ ಬಂದವನ ಹಾಗೆ ತಲೆ ತಗ್ಗಿಸಿ ಕೂರುತ್ತಿದ್ದೆ.

ನೀವು ಇಲ್ಲಿ ನನ್ನ ಜೊತೆಗಿದ್ದಾಗ ಟೀವಿಯದೂ ಇದೇ ಕಥೆ. ನಿಮಗೆ ಸದ್ದು ಬೇಡವೇನೋ ಅಂತ ನಾನು ಮ್ಯೂಟ್ ಮಾಡಿದೆ, ನನಗೆ ಬೇಡವೇನೋ ಅಂತ ನೀವು ಹಾಗೇ ಬಿಟ್ಟಿರಿ. ಇಬ್ಬರು ಗಂಡಸರು ಒಬ್ಬರ ದುಃಖಕ್ಕೆ ಒಬ್ಬರು ಮರ್ಯಾದೆ ಕೊಡುತ್ತ ಎರಡು ವರ್ಷ ಮೂಕ ಸುದ್ದಿ ನೋಡಿದೆವು. ಈಗ ನಾದಿನಿ ಹೇಳುತ್ತಾಳೆ, ಅಲ್ಲಿ ನೀವು ಟೀವಿ ಹಾಕಿದರೆ ಪಕ್ಕದ ಮನೆಯವರು ಬೇರೆ ಹಾಕಬೇಕಾಗಿಲ್ಲವಂತೆ.

ಯಜಮಾನರ ಹೆಂಡತಿ ಮಾತ್ರ ಬಿಡಲಿಲ್ಲ. "ದುಃಖ ಇರೋರು ಅಳ್ತಾರೆ, ಊಟ ಬಿಡ್ತಾರೆ. ಇವನು ಅಳಲ್ಲ, ಊಟ ಬಿಡಲ್ಲ, ಶಟರ್ ಎತ್ತಕ್ಕೂ ಆಗಲ್ಲ. ಇದು ಮನಸ್ಸಿಂದಲ್ಲ, ಮೈದು ಕಣ್ರೀ" ಅಂದು, ತಾವು ಥೈರಾಯ್ಡಿಗೆ ತೋರಿಸುವ ಡಾಕ್ಟರಮ್ಮನ ಹತ್ತಿರ ಕಳಿಸಿದರು. ಅಲ್ಲಿ ಬೆಂಚಿನ ತುಂಬ ಹೆಂಗಸರು. ಪಕ್ಕದಲ್ಲಿದ್ದವರು "ನಿಮ್ಮನೆಯವರು ಒಳಗೆ ಹೋಗಿದಾರಾ?" ಅಂತ ಕೇಳಿದರು. ಹೂಂ ಅಂದೆ. "ಬರ್ತಾರೆ ಬಿಡಿ, ಹೆಂಗಸರದ್ದು ಸ್ವಲ್ಪ ತಡ" ಅಂತ ಸಮಾಧಾನ ಹೇಳಿದರು. ಅದಕ್ಕೂ ಹೂಂ ಅಂದೆ. ನರ್ಸು ನನ್ನ ಹೆಸರು ಕರೆದಾಗ ನಾನೇ ಎದ್ದು ಒಳಗೆ ಹೋದೆ. ಅವರ ಮುಖ ನೋಡಲಿಲ್ಲ.

ಮೊದಲ ಸಲ ನಾನು ಅಂಗಡಿ ಮುಚ್ಚಿ ಸಂಜೆ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟಿದ್ದೆ. ಅದು ನಡೆಯುವುದಿಲ್ಲವಂತೆ. ನನ್ನಲ್ಲಿ ಕಡಿಮೆ ಇರುವುದಕ್ಕೆ ಟೆಸ್ಟೋಸ್ಟಿರೋನ್ ಅಂತ ಹೆಸರು, ಗಂಡಸಿನ ಹಾರ್ಮೋನು. ಬೆಳಿಗ್ಗೆ ಏರಿರುತ್ತದೆ, ಸಂಜೆಗೆ ಇಳಿಯುತ್ತದೆ. ಹಾಗಾಗಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮತ್ತೆರಡು ಸಲ ಕೊಟ್ಟೆ. ಎರಡು ಸಲವೂ ನನ್ನದು ಏರಿರಲೇ ಇಲ್ಲ. ಎಪ್ಪತ್ತು ದಾಟಿದವರಿಗಿಂತ ಕಡಿಮೆ ಅಂದರು. ನನಗೆ ಮೂವತ್ತಾರು. ತಲೆಯ ಸ್ಕ್ಯಾನೂ ಆಯಿತು, ಒಳಗೆ ಏನೂ ಇಲ್ಲ ಅಂತ ಬಂತು. ಮದುವೆಗೆ ಮುಂಚೆಯೇ ನೀವು ಹೇಳಿದ ಮಾತು. ಯಾವಾಗಿನಿಂದ ಹೀಗಿದೆ ಅಂತ ಕೇಳಿದೆ, ಹೇಳಲಾಗದು ಅಂದರು. ಅವಳಿದ್ದ ಕಡೆಯ ವರ್ಷ ನಾನು ಊಟವಾದ ಕೂಡಲೇ ಹಾಸಿಗೆ ಸೇರುತ್ತಿದ್ದೆ. "ನಿಮಗೆ ಮದುವೆ ಆಗಿರೋದು ದಿಂಬಿನ ಜೊತೆ" ಅನ್ನುತ್ತಿದ್ದಳು ನಿಮ್ಮ ಮಗಳು. ಹಾಗಾದರೆ ಇದೆಲ್ಲ ದುಃಖ ಅಲ್ಲವೇ ಅಂದೆ. "ದುಃಖಾನೂ ಇರಬಹುದು, ಇದೂ ಇರಬಹುದು. ಒಂದೇ ಮನೇಲಿ ಇಬ್ಬರು ಬಾಡಿಗೆದಾರರು ಅಂದ್ಕೊಳ್ಳಿ" ಅಂದರು ಡಾಕ್ಟರಮ್ಮ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು.

ಆಮೇಲೆ ಅವರು ಕೇಳಿದ ಪ್ರಶ್ನೆಯ ಹತ್ತಿರ ನಾನು ನಿಂತುಬಿಟ್ಟೆ. ಇಂಜೆಕ್ಷನ್ ಕೊಟ್ಟರೆ ಬೇಗ ಗೆಲುವಾಗುತ್ತಾನಂತೆ ಮನುಷ್ಯ, ಆದರೆ ವೀರ್ಯ ಕಡಿಮೆಯಾಗುತ್ತದಂತೆ. ಮುಂದೆ ಮಕ್ಕಳು ಬೇಕು ಅನ್ನುವವರಿಗೆ ಅದು ಬೇಡ, ಮಾತ್ರೆ ಇದೆ, ಅದು ನಿಧಾನ. "ಮಕ್ಕಳು ಬೇಕಾ ನಿಮಗೆ?" ಅಂತ ಪೆನ್ನು ಹಿಡಿದು ಕಾದರು. ಬೇಕು ಅಂದರೆ ಇನ್ನೊಬ್ಬ ಹೆಂಗಸನ್ನು ಮನೆಗೆ ಕರೆದ ಹಾಗೆ. ಬೇಡ ಅಂದರೆ ಈ ವಯಸ್ಸಿಗೇ ಬಾಗಿಲು ಹಾಕಿಕೊಂಡ ಹಾಗೆ. ಯಾವುದನ್ನು ನೆನೆದರೂ ಎದೆ ಅಲ್ಲಾಡಲಿಲ್ಲ. ಐದರ್ ಆರ್, ನೈದರ್ ನಾರ್ ಅಂತ ಮೇಷ್ಟ್ರು ಬೋರ್ಡಿನ ಮೇಲೆ ಬರೆಸುತ್ತಿದ್ದುದು ಮಾತ್ರ ನೆನಪಾಯಿತು. ಯೋಚನೆ ಮಾಡಿ ಹೇಳುತ್ತೇನೆ ಅಂದು ಎದ್ದೆ.

ನನ್ನನ್ನು ಕೊರೆಯುತ್ತಿರುವುದು ಇನ್ನೊಂದು. ನಾದಿನಿ ನಿಮ್ಮನ್ನು ಅಲ್ಲೇ ಉಳಿದುಬಿಡಿ ಅನ್ನುತ್ತಿದ್ದಾಳೆ. "ಇಲ್ಲ ಕಣೇ, ಅಳಿಯನ ದುಃಖ ನನಗೆ ಗೊತ್ತು, ಅವನೊಬ್ಬನನ್ನೇ ಬಿಡೋ ಹಾಗಿಲ್ಲ" ಅಂದಿರಂತೆ. ನೀವು ವಾಪಸು ಬರುವುದು ಆ ದುಃಖಕ್ಕಾಗಿ. ಅದರಲ್ಲಿ ಎಷ್ಟು ಪಾಲು ಹೋದವಳದು, ಎಷ್ಟು ಪಾಲು ರಕ್ತದ್ದು, ನನಗೇ ತಿಳಿಯದು. ಔಷಧಿ ಹಿಡಿದ ಮೇಲೂ ಏನು ಉಳಿಯುತ್ತದೋ ಅದು ಅವಳದು ಅಂದುಕೊಂಡಿದ್ದೇನೆ. ಏನೂ ಉಳಿಯದಿದ್ದರೆ ನಿಮ್ಮ ಮುಖ ಹೇಗೆ ನೋಡಲಿ? ಎದುರು ಕಟ್ಟಡದ ನೆರಳು ಮೇಜಿನವರೆಗೆ ಬಂದಿದೆ, ಬರೆದ ಸಾಲು ಕಾಣಿಸುತ್ತಿಲ್ಲ. ದೀಪ ಹಾಕಲು ಎದ್ದರೆ ಮತ್ತೆ ಕೂರುವುದಿಲ್ಲ, ನನ್ನ ಬುದ್ಧಿ ನನಗೆ ಗೊತ್ತು. ಇಲ್ಲಿಗೆ ಸಾಕು.

ನಾದಿನಿಯನ್ನೂ ಷಡ್ಡಕರನ್ನೂ ಕೇಳಿದೆ ಅಂತ ಹೇಳಿ. ಕಾಲು ಮಡಚಿ ಕೂರಬೇಡಿ.

ನಿಮ್ಮ ಅಳಿಯ

ತಾ.ಕ.: ಯೋಚನೆ ಮಾಡಿ ಹೇಳುತ್ತೇನೆ ಅಂದು ಎದ್ದೆ ಅಂತ ಬರೆದೆನಲ್ಲ, ಅದು ಅರ್ಧ ಮಾತು. ಬಾಗಿಲ ತನಕ ಬಂದವನು ತಿರುಗಿ ನಿಂತು, ಮಕ್ಕಳು ಬೇಕು ಅಂದೆ. ಯಾಕೆ ಅಂದೆನೋ, ಬಾಯಿಗೆ ಬಂತು. ಮಾತ್ರೆ ಶುರುವಾಗಿದೆ, ಇನ್ನೂ ಏನೂ ಅನ್ನಿಸುತ್ತಿಲ್ಲ. ನಿಮ್ಮ ಕೋಣೆ ಗುಡಿಸಿ ಇಟ್ಟಿದ್ದೇನೆ. ಇದನ್ನು ಓದಿದ ಮೇಲೂ ಬರುತ್ತೀರಾ, ಅಷ್ಟು ತಿಳಿಸಿ.