ಎರಡು ಬಾಗಿಲಿನ ಬೀರು

೧೨ ನವೆಂಬರ್ ೧೯೬೯, ಬುಧವಾರ. ಸಂಜೆ

ಎರಡು ಜುಬ್ಬಾ, ಒಂದು ಪೈಜಾಮ ಮುಗಿಯಿತು. ಗುಂಡಿಯ ಕಾಜ ಬಾಕಿ. ಬೆರಳು ಸೆಟೆದು ಸೂಜಿಯನ್ನೇ ಹಿಡಿಯುತ್ತಿಲ್ಲ. ಎಲೈ ಚಳಿಯೇ! ಕಲ್ಯಾಣದ ಈ ಕೋಟೆಯನ್ನು ಯಾವ ದಂಡೂ ಇಷ್ಟು ಸದ್ದಿಲ್ಲದೆ ಹಿಡಿದಿರಲಾರದು!

ಗಂಟಲೂ ಕೂತಿದೆ. ಸಂಕ್ರಾಂತಿಗೆ ನಮ್ಮ ನಾಟಕ. ಕೋಟೆರಾಯನ ಪಾತ್ರ ನನ್ನದು. ನಿನ್ನೆ ರಿಹರ್ಸಲ್‌ನಲ್ಲಿ ಗರ್ಜಿಸಿದರೆ ಹುಂಜ ಕೂಗಿದ ಹಾಗಾಯಿತು. ಎಲ್ಲರೂ ನಕ್ಕರು. ನಗಲಿ...

ಇವತ್ತು ಮಧ್ಯಾಹ್ನ ಗೋಡೆ ಮೂರು ಸಲ ಬಡಿಯಿತು. ಆಚೆ ಮೊಹಿನುದ್ದೀನನ ಗೋಲಿ ಸೋಡಾ ಕಾರ್ಖಾನೆ. ಕಾರ್ಖಾನೆ ಎಂದರೆ ಒಂದು ಮಿಷನ್, ಅವನು, ಅವನ ಹೆಂಡತಿ ರಾಬಿಯಾ. ಎರಡು ಸಲ ಬಡಿದರೆ ಚಹಾ. ಮೂರು ಸಲ ಬಡಿದರೆ ಕೂಡಲೇ ಹೋಗಬೇಕು. ಹೋದೆ.

"ತುಳಜಣ್ಣಾ, ಮುಂಜಾನಿಂದ ಮೂರು ಸೋಡಾ ಹೋಗ್ಯಾವ. ಅದ್ರಾಗ ಒಂದು ನೀವು ಕುಡದದ್ದು," ಎಂದ ಮೊಹಿನುದ್ದೀನ್.

"ಥಂಡಿಯಾಗ ಸೋಡಾ ಯಾರು ಕುಡೀತಾರೋ?"

"ಅದಕ್ಕs ಹೇಳಾಕತ್ತೀನಿ. ಸಾಲಾ ಅಲ್ಲಾಬಕ್ಷ ಸೋಲಾಪುರದಿಂದ ಖತ್ ಬರದಾನ. ಬೈಗುಳ ಅಲ್ಲ, ಖರೇನೇ ಸಾಲಾ, ಇಕಿ ತಮ್ಮ. ಮಿಲ್ಲಿನ ಕ್ಯಾಂಟೀನ್‌ದಾಗ ಜಾಗಾ ಅದಂತ. ಸಂಕ್ರಾಂತಿಗೆ ಬಂದು ಕರ್ಕೊಂಡು ಹೋಗ್ತಾನಂತ."

ಕೈಗೆತ್ತಿಕೊಂಡಿದ್ದ ಸೋಡಾ ಸೀಸೆ ಜಾರಿತು. ಹಿಡಿದುಕೊಂಡೆ. ಎದೆ ಮಾತ್ರ ಕೆಳಗೆ ಬಿತ್ತು.

ಮೊಹಿನುದ್ದೀನ್ ನಮ್ಮ ಪ್ರಾಂಪ್ಟರ್. ದೇವರು ನನಗೆ ಕಂಠ ಕೊಟ್ಟ, ನೆನಪು ಕೊಡಲಿಲ್ಲ. ಹತ್ತು ವರ್ಷದಿಂದ ಪರದೆಯ ಸಂದಿಯಲ್ಲಿ ಕೂತು ನನ್ನ ಬಾಯಿಗೆ ಮಾತು ಇಡುವವನು ಅವನೇ. ನಾಟಕದ ಪುಸ್ತಕವೂ ಅವನ ಕೈಬರಹ. ಮಾತು ಕನ್ನಡ, ಅಕ್ಷರ ಉರ್ದು! ನಿಜಾಮರ ಕಾಲದ ಶಾಲೆ ಅವನಿಗೆ ಕಲಿಸಿದ್ದು ಅದೊಂದೇ. ನಾನೂ ಉರ್ದು ಓದಿದವನೇ. ಆದರೆ ಅವನ ಗೀಚನ್ನು ಅವನೊಬ್ಬನೇ ಓದಬಲ್ಲ. ಅವನು ಬಸ್ಸು ಹತ್ತಿದರೆ ಕೋಟೆರಾಯ ಮೂಗ!

೧೫ ನವೆಂಬರ್, ಶನಿವಾರ

ಉಪಾಯ ಹೊಳೆದದ್ದು ರಾಬಿಯಾಗೆ. "ಸಿಕಂದರಾಬಾದ್ ಮೆಸ್ಸಿನಾಗ ಸಾಹೇಬ್ರಿಗೆ ಅದರಕ್ ಬೀರು ಮಾಡ್ತಿದ್ರಂತ ದಿನಾ ಹೇಳ್ತೀರಿ. ಹೇಳೋದರಾಗs ಇಪ್ಪತ್ತು ವರ್ಷ ಹೋದ್ವು. ಒಮ್ಮೆರ ಮಾಡ್ರಿ."

ಅದರಕ್ ಎಂದರೆ ಶುಂಠಿ. ಮೊಹಿನುದ್ದೀನ್ ಹುಡುಗನಾಗಿದ್ದಾಗ ಫೌಜಿ ಮೆಸ್ಸಿನಲ್ಲಿ ಶುಂಠಿ ಜಜ್ಜಿದವನು. ಆಹಾ! ಬೇಸಿಗೆಗೆ ಸೋಡಾ, ಚಳಿಗಾಲಕ್ಕೆ ಬೀರು!

ಬೀರು ಎಂದರೆ ಹೇಗಿರಬೇಕು, ಮೊದಲು ತಿಳಿಯಬೇಕಲ್ಲ? ದಾರ ತರುವ ನೆಪದಲ್ಲಿ ಹುಮನಾಬಾದಿಗೆ ಬಸ್ಸಿನಲ್ಲಿ ಹೋದೆ. ಹೈದರಾಬಾದಿನಿಂದ ಬಂದ ಬೀರು ಒಂದು ಸೀಸೆ ತಂದೆ. ಇಬ್ಬರೂ ಕುಡಿದು ನೋಡಿದೆವು. ಬೇವಿನ ಕಷಾಯ, ಮೇಲೆ ನೊರೆಯ ಪೇಟ. ಹೊಟ್ಟೆಯೊಳಗೂ ಚಳಿ ಹೊಕ್ಕಿತು.

ತೀರ್ಪು ಕೊಟ್ಟೆ: ಇದು ಬೇಸಿಗೆಯ ಪಾತ್ರಧಾರಿ. ಚಳಿಗಾಲದ ನಾಟಕಕ್ಕೆ ಬೇರೆ ನಟ ಬೇಕು.

೧೮ ನವೆಂಬರ್, ಮಂಗಳವಾರ

ಮೂವರು ಉಮೇದುವಾರರು. ಒಬ್ಬ ಶುಂಠಿರಾಯ: ಶುಂಠಿ, ಬೆಲ್ಲ, ನಿಂಬೆ. ಇನ್ನೊಬ್ಬ ಖಜೂರಖಾನ: ಖರ್ಜೂರ, ಲವಂಗ. ಮೂರನೆಯವನು ನಮ್ಮ ಹೊಲದ ಮಗ ಜೋಳಪ್ಪ: ಬಿಳಿಜೋಳ ಮೊಳಕೆ ಬರಿಸಿ, ಕಪ್ಪಾಗುವಂತೆ ಹುರಿದು, ಕುದಿಸಿ ಸೋಸಿದ್ದು. ಮೂವರಿಗೂ ರಾಬಿಯಾ ಮೂರು ದಿನದಿಂದ ಗಡಿಗೆಯಲ್ಲಿ ಹುಳಿ ಬರಿಸಿಟ್ಟ ಶುಂಠಿ ನೀರು ಒಂದೊಂದು ಲೋಟ.

ಎಲ್ಲವನ್ನೂ ಗೋಲಿ ಸೀಸೆಗೆ ತುಂಬಿ ತಲೆಕೆಳಗು ಮಾಡಿದೆವು. ಒಳಗೆ ಗಾಳಿ ಹುಟ್ಟಿದರೆ ಅದೇ ಗೋಲಿಯನ್ನು ಬಾಯಿಗೆ ಒತ್ತಿ ಹಿಡಿಯಬೇಕು. ಮಿಷನ್ ಬೇಡ. ಗೋಲಿ ನಿಂತರೆ ನಟ ಪಾಸು. ಬಿದ್ದರೆ ಫೇಲು.

ಆದರೆ ಈ ಚಳಿಗೆ ಏನೂ ಹುಳಿಯೇರದು. ಮನೆಯಿಂದ ಕೌದಿ ತಂದು ಸೀಸೆಗಳಿಗೆ ಹೊದಿಸಿದೆ. ನನ್ನ ಹೆಂಡತಿ ಸುಮನಬಾಯಿ ಬಾಗಿಲಲ್ಲೇ ನಿಂತು ನೋಡಿದಳು.

"ಏನ್ರಿ, ನನಗ ಚಾದರ, ಸೀಸಿಗೆ ಕೌದಿ?"

"ಒಳಗ ಮೂರು ಕೂಸು ಮಲಗ್ಯಾವ. ಸದ್ದು ಮಾಡಬ್ಯಾಡ."

"ಹುಟ್ಟಿದ ಮ್ಯಾಲ ಹೇಳ್ರಿ, ಬಾರಸೆ ಮಾಡಿ ಹೆಸರಿಡೋಣ."

೨೨ ನವೆಂಬರ್, ಶನಿವಾರ

ಜೋಳಪ್ಪ ಬಿದ್ದ. ಗೋಲಿ ಟಣ್ಣನೆ ಒಳಗೆ. ರುಚಿ ಮಾತ್ರ ಅದ್ಭುತ: ಸುಟ್ಟ ರೊಟ್ಟಿಯ ಅಂಚು ಬೆಲ್ಲದಲ್ಲಿ ಅದ್ದಿದ ಹಾಗೆ. ಉಸಿರೇ ಇಲ್ಲ.

ಖಜೂರಖಾನನಿಗೆ ಉಸಿರು ಜಾಸ್ತಿ. ಬೆಳಿಗ್ಗೆ ಎಂಟಕ್ಕೆ ಕೌದಿಯೊಳಗೆ ಫಿರಂಗಿ! ಎರಡು ಸೀಸೆ ಚೂರು. ಕೌದಿಗೆ ಗಾಯ. ನಾಲ್ಕು ಕಡೆ ತೇಪೆ ಹಾಕಬೇಕು. ಸುಮನಬಾಯಿ ಮಾತಾಡುತ್ತಿಲ್ಲ.

ಶುಂಠಿರಾಯ ನಿಂತ. ಹೆಬ್ಬೆರಳಿಂದ ಗೋಲಿ ಒತ್ತಿದರೆ ಹಾವಿನ ಬುಸು. ಆದರೆ ಬರೀ ಖಾರ. ಮೊಹಿನುದ್ದೀನ್ ಕೆಮ್ಮಿದ. ರಾಬಿಯಾ ಗುಟುಕು ಹಾಕಿ, "ಭಾಯಿಸಾಬ, ಇದು ಬೀರಲ್ಲ, ಅತ್ತಿ ಬೈದಂಗ ಅದ," ಎಂದಳು.

ತಲೆಯಲ್ಲಿ ಮಿಂಚು! ಒಬ್ಬನಿಗೆ ಉಸಿರಿದೆ, ಒಬ್ಬನಿಗೆ ರುಚಿಯಿದೆ. ಇಬ್ಬರನ್ನೂ ಒಂದೇ ವೇಷದಲ್ಲಿ ಇಳಿಸಿದರೆ? ಎರಡು ಪಾಲು ಜೋಳ, ಒಂದು ಪಾಲು ಶುಂಠಿ. ಹೊಸ ಸೀಸೆ, ಹಳೆಯ ಕೌದಿ.

೨೬ ನವೆಂಬರ್, ಬುಧವಾರ

ನಿಂತ! ಗೋಲಿ ನಿಂತಿತು! ಕಪ್ಪು ಬಣ್ಣ, ಕಂದು ನೊರೆ. ಮೊದಲು ಸಿಹಿ, ಆಮೇಲೆ ಸುಟ್ಟ ಜೋಳ, ಕಡೆಗೆ ಗಂಟಲಲ್ಲಿ ನಿಧಾನಕ್ಕೆ ಕೆಂಡ. ಅಂಗಳಕ್ಕೆ ಬಂದು ಕೋಟೆರಾಯನ ಒಂದು ಮಾತು ಬಿಟ್ಟೆ. ಹುಂಜವಲ್ಲ, ಸಿಂಹ! ಎದುರು ಮನೆಯ ಧೂಳಮ್ಮನ ಎಮ್ಮೆ ಹಗ್ಗ ಕಿತ್ತುಕೊಂಡಿತು.

೮ ಡಿಸೆಂಬರ್, ಸೋಮವಾರ

ಹನ್ನೆರಡು ದಿನ ಬರೆದಿಲ್ಲ. ಬರೆದದ್ದೆಲ್ಲ ಕಾರ್ಖಾನೆ ಮುಂದಿನ ಹಲಗೆಯ ಮೇಲೆ. ನನ್ನದೇ ಅಕ್ಷರ, ಆಳೆತ್ತರ: "ಚಳಿಯನ್ನು ಗೆಲ್ಲುವ ವೀರರೇ ಬನ್ನಿ! ಕಲ್ಯಾಣದ ಬೀರು ಇಲ್ಲಿ ದೊರೆಯುವುದು!"

ವೀರರು ಬರಲಿಲ್ಲ. ಬೀರು ಎಂದು ಓದಿದವರು ಅತ್ತಿತ್ತ ನೋಡಿ ದಾಟಿಹೋಗುತ್ತಾರೆ. ಮುಡಬಿಯ ಬಸವಣಪ್ಪ ಬಂದ. ಹಿಂದೆ ಹೆಂಡತಿಯನ್ನು ಕಂಡು ಸಾದಾ ಸೋಡಾ ಕುಡಿದು ಹೋದ.

ಮೊಹಿನುದ್ದೀನ್ ಮಿಷನ್ ಒರೆಸುತ್ತ ಕೂತಿರುತ್ತಾನೆ. ಬಳಸದ ಮಿಷನ್ನನ್ನು ದಿನಾ ಯಾಕೆ ಒರೆಸುತ್ತಾನೆ? ಮಾರುವವನು ಒರೆಸುವ ಹಾಗೆ ಒರೆಸುತ್ತಾನೆ...

೧೧ ಡಿಸೆಂಬರ್, ಗುರುವಾರ. ಮಧ್ಯಾಹ್ನ

ಇದನ್ನು ಈಗಲೇ ಬರೆಯಲೇಬೇಕು.

ಹನ್ನೊಂದಕ್ಕೆ ಗೋಡೆ ಬಡಿಯಿತು. ಮೂರಲ್ಲ, ಮೂವತ್ತು ಸಲ! ಓಡಿದೆ. ಹಲಗೆಯ ಮುಂದೆ ಖಾಕಿ. ಅಬಕಾರಿ ಸಬ್ ಇನ್‌ಸ್ಪೆಕ್ಟರ್! ಮಂಡ್ಯದಿಂದ ಹೊಸದಾಗಿ ವರ್ಗವಾಗಿ ಬಂದವರು. ಮೊಹಿನುದ್ದೀನನ ಮುಖ ಸುಣ್ಣ.

"ಬೋರ್ಡು ನೋಡ್ದೆ. ಬೀರು ನೀವೇ ಮಾಡ್ತೀರಾ?"

ಇನ್ನೇನು ಉಳಿಯಿತು! ಒಂದು ಹೆಜ್ಜೆ ಮುಂದಿಟ್ಟೆ. ಎದೆ ತಟ್ಟಿದೆ. "ಸಾಹೇಬ್ರ! ಇವಂದೇನೂ ತಪ್ಪಿಲ್ಲ! ಬೀರು ಮಾಡಿಸಿದವ ನಾನು! ಹಲಗಿ ಬರದವ ನಾನು! ಬೇಡಿ ಹಾಕೋದಿದ್ರ ಈ ಕೈಗೆ ಹಾಕ್ರಿ!"

ಅವರು ಹಿಂದೆ ಸರಿದರು. "ಬೇಡಿ ಯಾಕ್ರೀ? ನಂಗೊಂದು ಬೀರು ಬೇಕಿತ್ತು, ಅಷ್ಟೇ. ನಮ್ಮನೆಯವ್ರು ಮುಂದಿನ ವಾರ ಬರ್ತಾರೆ. ಎರಡು ಬಾಗಿಲಿಂದು ಇದ್ಯಾ?"

ನಾನು ಮೊಹಿನುದ್ದೀನನನ್ನು ನೋಡಿದೆ. ಅವನು ನನ್ನನ್ನು. ಎರಡು ಬಾಗಿಲಿನ ಬೀರು! ಏನೋ ಗುಪ್ತ ಮಾತಿರಬೇಕು.

"ಒಂದು ಬಾಯಿದು ಅದರಿ," ಎಂದ ಮೊಹಿನುದ್ದೀನ್ ಮೆಲ್ಲಗೆ.

"ಒಂದು ಸಾಲಲ್ಲ ಕಣ್ರೀ. ಸೀರೆಗಳು ಜಾಸ್ತಿ. ಮೇಲೆ ಕನ್ನಡಿ ಇರ್ಬೇಕು. ಬೀಗ ಗಟ್ಟಿ ಇರ್ಬೇಕು."

"ಸೀರಿ?!" ಒಳಗಿನಿಂದ ರಾಬಿಯಾ ಕಿಸಕ್ಕನೆ ನಕ್ಕಳು. "ಅಯ್ಯ, ಅವ್ರು ಅಲಮಾರಿ ಕೇಳಾಕತ್ತಾರ!"

ಮೈಸೂರು ಸೀಮೆಯಲ್ಲಿ ಅಲಮಾರಿಗೆ ಬೀರು ಎನ್ನುತ್ತಾರಂತೆ! ಇಷ್ಟು ದೊಡ್ಡ ಕನ್ನಡ ನಾಡಿಗೆ ನಮೋ ನಮಃ. ನಗು ತಡೆಯದೆ ನೆಲಕ್ಕೆ ಕೂತೆ. ಸಾಹೇಬರೂ ನಕ್ಕರು. ನಗು ನಿಂತ ಮೇಲೆ ಕಣ್ಣು ಕಿರಿದು ಮಾಡಿ ಕೇಳಿದರು: "ಹಾಗಾದ್ರೆ... ಬೋರ್ಡ್‌ನಲ್ಲಿರೋ ಬೀರು ಯಾವ್ದು?"

ಸತ್ತೆವು. ಮೊಹಿನುದ್ದೀನ್ ಗೋಲಿ ಒತ್ತಿ ಒಂದು ಸೀಸೆ ಕೊಟ್ಟ. ಸಾಹೇಬರು ಮೂಸಿದರು. ಒಂದು ಗುಟುಕು. ಇನ್ನೊಂದು. ಸೀಸೆ ಖಾಲಿ. ಮತ್ತೊಂದು ಕೇಳಿದರು, ಅದೂ ಖಾಲಿ. ಎದ್ದು ನಿಂತು, ಒಂದು ಗೆರೆಯ ಮೇಲೆ ನಾಲ್ಕು ಹೆಜ್ಜೆ ನಡೆದರು.

"ಅಮಲು ಸೀಸೇಲಿಲ್ಲ ಕಣ್ರೀ, ಬೋರ್ಡಲ್ಲಿದೆ. ನಾಲ್ಕು ದಿನಕ್ಕಿಂತ ಹೆಚ್ಚು ಇಡ್ಬೇಡಿ, ಅಮಲೇರುತ್ತೆ. ಆ ಹೆಸ್ರು ಅಳಿಸ್ಬಿಡಿ. ಇಲ್ಲಾಂದ್ರೆ ನಾನೇ ಬರ್ಬೇಕಾಗುತ್ತೆ." ಬಾಗಿಲಲ್ಲಿ ತಿರುಗಿ, "ಮೈ ಬಿಸಿ ಆಯ್ತು. ಚೆನ್ನಾಗಿದೆ," ಎಂದರು.

ಅಲಮಾರಿಗೆ ಬಡಿಗ ಬಕ್ಕಪ್ಪನ ಮನೆ ತೋರಿಸಿ ಬಂದೆ.

ಅದೇ ದಿನ, ಸಂಜೆ

ಹೆಸರಿಗೆ ನಾನು ಹನ್ನೊಂದು ಸೂಚಿಸಿದೆ. 'ಶೀತಸಂಹಾರ', 'ಕಂಠಗರ್ಜನೆ'... ಎಲ್ಲ ಬಿದ್ದವು. ರಾಬಿಯಾ ಶುಂಠಿ ಸುಲಿಯುತ್ತ ತಲೆ ಎತ್ತದೆ ಹೇಳಿದಳು: "ಗರಂ ಗೋಲಿ."

ಬೀರು ಅಳಿಸಿದೆ. ಗರಂ ಗೋಲಿ ಬರೆದೆ.

೨೪ ಡಿಸೆಂಬರ್, ಬುಧವಾರ

ಹುಮನಾಬಾದ್ ಬಳಿಯ ಮಾಣಿಕನಗರದಿಂದ ಈಗ ಬಂದೆವು. ದತ್ತ ಜಯಂತಿಯ ಜನ! ಪ್ರಭುಗಳ ಸಮಾಧಿಯ ದರ್ಶನ ಮುಗಿಸಿ ನಡುಗುತ್ತ ಬಂದವರಿಗೆ ರಸ್ತೆಯಲ್ಲೇ ಗರಂ ಗೋಲಿ. ಕೊಹಿನೂರದ ಭಾಗಮ್ಮ ಮುದುಕಿ ಹಲ್ಲಿಲ್ಲದ ಬಾಯಲ್ಲಿ, "ಏನಪಾ, ಇದು ನನ್ನ ಮದಿವಿದಿನದ ಬಿಸಿ ನೆನಪು ಮಾಡಿತು," ಎಂದಳು. ಸೊಸೆ ನಾಚಿ ಬೇರೆ ಕಡೆ ತಿರುಗಿದಳು. ಮಧ್ಯಾಹ್ನ ಮೂರಕ್ಕೇ ಬುಟ್ಟಿ ಖಾಲಿ.

ಬರುವಾಗ ಬಸ್ಸಿನಲ್ಲಿ ಮೊಹಿನುದ್ದೀನನನ್ನು ಕೇಳಿದೆ: "ಹಂಗಾದ್ರ ಸೋಲಾಪುರ?"

ಅವನು ಕಿಟಕಿಯಿಂದ ಹೊರಗೆ ನೋಡಿದ. "ಒಂದು ಜಾತ್ರಿ ಆಯ್ತು, ತುಳಜಣ್ಣಾ. ದಿನಾ ಜಾತ್ರಿ ಇರ್ತದೇನು? ಸಾಲಾ ಅಲ್ಲಾಬಕ್ಷಗ ಬಾ ಅಂತ ಬರದೀನಿ."

ಹುಮನಾಬಾದಿನಿಂದ ಕಲ್ಯಾಣದವರೆಗೆ ನಾನು ಬಾಯಿ ಬಿಡಲಿಲ್ಲ. ಕಂಡಕ್ಟರ್ ನನ್ನ ಆರೋಗ್ಯ ವಿಚಾರಿಸಿದ.

೧೨ ಜನವರಿ ೧೯೭೦, ಸೋಮವಾರ

ಅಲ್ಲಾಬಕ್ಷ ಬಂದಿಳಿದ. ಒಳ್ಳೆಯವನು. ಅದೇ ಬೇಸರ. ಕೆಟ್ಟವನಾಗಿದ್ದರೆ ಬೈಯಬಹುದಿತ್ತು. ಹದಿನೈದರ ಮುಂಜಾನೆ ಏಳೂವರೆ ಬಸ್ಸಿಗೆ ಹೊರಡುವುದಂತೆ.

ರಿಹರ್ಸಲ್‌ನಲ್ಲಿ ಮೂರು ಕಡೆ ಮರೆತೆ. ಮೂರು ಕಡೆಯೂ ಮೊಹಿನುದ್ದೀನ್.

೧೫ ಜನವರಿ, ಗುರುವಾರ. ಬೆಳಿಗ್ಗೆ

ನಿನ್ನೆ ನಾಲ್ಕು ಗಂಟೆಗೆ ಪರದೆ ಎದ್ದಿತು. ಬಿಸಿಲಿದ್ದೂ ಚಳಿ. ಜನವೋ ಜನ. ಮಂಡ್ಯದ ಸಾಹೇಬರೂ ಮನೆಯವರೊಂದಿಗೆ ಮುಂದಿನ ಸಾಲಿನಲ್ಲಿ.

ಎರಡು ಅಂಕ ಸಾಗಿತು. ಮೂರನೆಯ ಅಂಕ. ಶತ್ರು ಬಾಗಿಲಿಗೆ ಬಂದಿದ್ದಾನೆ, ಮಂತ್ರಿ ಓಡಿಹೋಗು ಎನ್ನುತ್ತಾನೆ. ನಾನು ಖಡ್ಗ ಹಿರಿದೆ. ಬಾಯಿ ತೆರೆದೆ...

ಖಾಲಿ. ಒಂದಕ್ಷರವಿಲ್ಲ.

ಪರದೆಯ ಸಂದಿ ನೋಡಿದೆ. ಮಣೆಯಿದೆ, ಪುಸ್ತಕವಿದೆ. ಅವನಿಲ್ಲ! ಹೋಗಿಯೇಬಿಟ್ಟನೇ? ಹೇಳದೆ? ಖಡ್ಗ ಹಿಡಿದು ನಿಂತೆ. ಜನ ಗೌರವದಿಂದ ಕಾದರು. ಆಮೇಲೆ ಕೆಮ್ಮಿದರು.

ಆಗ ಮೈದಾನದ ತುದಿಯಿಂದ, ಜನರ ತಲೆಗಳಾಚೆಯಿಂದ ಒಂದು ಕೂಗು:

"ಈ ಕೋಟೆಯನ್ನು ಬಿಟ್ಟು ನಾನೆಲ್ಲಿಗೂ ಹೋಗುವವನಲ್ಲ!"

ಮೊಹಿನುದ್ದೀನ್! ಎರಡು ಕೈಯಲ್ಲಿ ನಾಲ್ಕು ಸೀಸೆ. ಸುತ್ತ ಜನ ಮುತ್ತಿಕೊಂಡು ಗರಂ ಗೋಲಿ ಕೇಳುತ್ತಿದ್ದಾರೆ. ಪಕ್ಕದಲ್ಲಿ ಅಲ್ಲಾಬಕ್ಷ, ತೋಳು ಮಡಚಿ, ಬೆವರುತ್ತ, ಗೋಲಿ ಒತ್ತುತ್ತಿದ್ದಾನೆ. ಇಬ್ಬರಿಗೂ ಉಸಿರಾಡಲು ಪುರುಸೊತ್ತಿಲ್ಲ. ಅದಕ್ಕೇ ಮಣೆ ಖಾಲಿ!

ಅದೇ ಮಾತನ್ನು ನಾನು ಹಿಡಿದು ಗರ್ಜಿಸಿದೆ. ಎಂಥ ಗರ್ಜನೆ! ಕೋಟೆಯ ಪಾರಿವಾಳವೆಲ್ಲ ಎದ್ದವು. ಚಪ್ಪಾಳೆ ಯಾರಿಗೆ ಬಿದ್ದಿತೋ ತಿಳಿಯದು. ಅವನೂ ಅಲ್ಲಿಂದಲೇ ತಲೆ ಬಾಗಿಸಿದ.

ಏಳೂವರೆ ಬಸ್ಸು ಈಗ ಹೋಯಿತು. ಬಾಗಿಲಲ್ಲಿ ನಿಂತು ನೋಡಿದೆ. ಕಿಟಕಿಯಲ್ಲಿ ಅಲ್ಲಾಬಕ್ಷ. ಒಬ್ಬನೇ. ತೊಡೆಯ ಮೇಲೆ ಗರಂ ಗೋಲಿಯ ಒಂದು ಬುಟ್ಟಿ, ಬುಟ್ಟಿಗೆ ನನ್ನ ತೇಪೆಯ ಕೌದಿ. ಸುಮನಬಾಯಿಗೆ ಇನ್ನೂ ಗೊತ್ತಿಲ್ಲ.

ನಿನ್ನೆ ಕೂಗಿದ್ದು ಕೋಟೆರಾಯನ ಮಾತೋ ನಿನ್ನ ಮಾತೋ, ಅಂತ ಮೊಹಿನುದ್ದೀನನನ್ನು ಕೇಳಬೇಕು. ಇವತ್ತೇ ಕೇಳ—

ಗೋಡೆ. ಒಂದು... ಎರಡು... ಚಹಾ. ಇಲ್ಲ, ಮೂರು! ಬಂದೆನಪ್ಪಾ, ಬಂ