ಕಟ್ಟಬಲ್ಲರು

ಸೋಮವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಗುರುವಾರ ನೀನು ಬರುತ್ತೀಯ ಎಂದು ತಿಳಿದಾಗಿನಿಂದ ಮನೆಯಲ್ಲಿ ನಾಟಕದ ತಾಲೀಮು ನಡೆದಿದೆ. ನಾಯಕ ಅಪ್ಪ, ನಿರ್ದೇಶಕರೂ ಅಪ್ಪನೇ. ನನ್ನದು ಪರದೆ ಎಳೆಯುವ ಕೆಲಸ. ನಿನಗೆ ಒಂದು ಮಾತೂ ಹೇಳಕೂಡದು ಎಂದು ಆಣೆ ಹಾಕಿಸಿಕೊಂಡಿದ್ದಾರೆ. ಆಣೆ ಹಾಕಿದ್ದು ಬಾಯಿಗೆ, ಕೈಗಲ್ಲ ಎಂದು ಸಮಾಧಾನ ಮಾಡಿಕೊಂಡು ಬರೆಯುತ್ತಿದ್ದೇನೆ. ಫೋನ್ ಮಾಡೋಣವೆಂದರೆ ಅಪ್ಪನ ಕಿವಿ ಈಗ ತುಂಬ ಚುರುಕು. ಹಾಲಿನ ವ್ಯಾನಿನವನ ಕೈಯಲ್ಲಿ ಇದನ್ನು ನಿನ್ನ ಆಫೀಸಿಗೆ ಮುಟ್ಟಿಸುತ್ತೇನೆ.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಅಪ್ಪನಿಗೆ ಕಣ್ಣು ಕಾಣುವುದಿಲ್ಲ. ಮಬ್ಬು ಅಲ್ಲ ಅಕ್ಕಾ, ಪೂರ್ತಿ ಹೋಗಿದೆ. ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎನ್ನುವಷ್ಟು ಬೆಳಕು ಮಾತ್ರ ತಿಳಿಯುತ್ತದೆ.

ನೀನು ಅಂದಾಜು ಬರೆಯಲು ಬಂದಿದ್ದ ವರ್ಷ ನೆನಪಿದೆಯಲ್ಲ. ಕಾಲುವೆ ಕಟ್ಟಿದ ಖರ್ಚಿನಲ್ಲಿ ರೈತರು ಎಷ್ಟು ಹೊರಬಲ್ಲರು ಎಂದು ಮನೆ ಮನೆಗೆ ಹೋಗಿ ಕೇಳಿದೆ. ಬೆಳೆಯಿಂದ ಬಂದದ್ದರಲ್ಲಿ ಬೀಜ, ಗೊಬ್ಬರ, ಕೂಲಿ ಕಳೆ, ಮನೆ ನಡೆಸುವ ಖರ್ಚು ಕಳೆ, ಉಳಿದದ್ದೇ ಕಟ್ಟುವ ಶಕ್ತಿ ಎಂದು ನನಗೂ ಪಾಠ ಮಾಡಿದ್ದೆ. ನಮ್ಮ ಮನೆಯನ್ನೂ ಬಿಡಲಿಲ್ಲ. ವರ್ಷಕ್ಕೆ ಔಷಧಿಗೆ ಎಷ್ಟಾಗುತ್ತದೆ ಎಂದು ಕೇಳಿದಾಗ ಅಪ್ಪ, "ನನಗ್ಯಾವ ರೋಗಾನಮ್ಮ, ಗುಂಡುಕಲ್ಲಿನ ಹಾಗಿದ್ದೀನಿ" ಎಂದು ಎದೆ ತಟ್ಟಿಕೊಂಡರು. ಊರಿನವರೆಲ್ಲ ಹಾಗೇ ಹೇಳಿದರು. ಎತ್ತಿ ಆಡಿಸಿದ ಹುಡುಗಿ ದೊಡ್ಡ ಕೆಲಸ ಹಿಡಿದು ಬಂದು ಕೇಳಿದರೆ, ನಮ್ಮ ಕೈ ಖಾಲಿ ಇದೆ ಎಂದು ಯಾರು ತಾನೆ ಹೇಳಿಯಾರು? ಬೇರೆ ಯಾರನ್ನಾದರೂ ಕಳಿಸಿದ್ದರೆ ಗೋಳು ತೋಡಿಕೊಳ್ಳುತ್ತಿದ್ದರೋ ಏನೋ. ನೀನು ಕೇಳಿಸಿಕೊಂಡಿದ್ದನ್ನು ಕೇಳಿಸಿಕೊಂಡ ಹಾಗೆ ಬರೆದೆ. ಕೊನೆಗೆ ಒಂದೇ ಮಾತು: ಕಟ್ಟಬಲ್ಲರು.

ಮೊದಲನೇ ಕಂತು ಹೇಗೋ ಕಳೆಯಿತು. ಎರಡನೆಯದರ ಹೊತ್ತಿಗೆ ಈರುಳ್ಳಿಯನ್ನು ಕೇಳುವವರೇ ಇರಲಿಲ್ಲ. ಕಾಲುವೆ ಕಚೇರಿಯ ಅಂಗಳದಲ್ಲಿ ಎಲ್ಲರೂ ಸೇರಿ, ಈ ಸಲ ಕಟ್ಟುವುದಿಲ್ಲ, ಅಂದಾಜೇ ತಪ್ಪು ಎಂದು ಬರೆದುಕೊಡುವ ಮಾತಾಡಿದರು. ಮೂಲೆಮನೆ ಮಾವ, ಗೊತ್ತಲ್ಲ ಅವರ ನಾಲಿಗೆ, ಅಪ್ಪನ ಮುಖಕ್ಕೇ, "ನಿನ್ನ ಮಗಳು ಪೇಟೇಲಿ ಕೂತು ನಮ್ಮ ಹೊಟ್ಟೆ ಅಳೆದವಳೆ" ಎಂದುಬಿಟ್ಟರು. ಅಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದರು. ಮರುದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ, ಎಲ್ಲರ ಕಣ್ಣೆದುರಿಗೆ ಪೂರ್ತಿ ಕಂತು ಕಟ್ಟಿ ಬಂದರು.

ಅದು ಅವರ ಆಪರೇಷನ್ನಿಗೆ ಇಟ್ಟಿದ್ದ ಹಣ. ಕಣ್ಣೊಳಗೆ ಒತ್ತಡ ಏರಿದೆ, ನರ ಹಾಳಾಗುತ್ತಿದೆ, ತಡ ಮಾಡಿದರೆ ಹೋದ ದೃಷ್ಟಿ ಮರಳಿ ಬರುವುದಿಲ್ಲ ಎಂದು ಡಾಕ್ಟರು ನನ್ನೆದುರಿಗೇ ಹೇಳಿದ್ದರು. ನಾನು ಜಗಳವಾಡಿದೆ, ಅತ್ತುಕರೆದೆ, ಊಟ ಬಿಟ್ಟೆ. "ಕಣ್ಣು ಮುಂದಿನ ವರ್ಷ ನೋಡ್ಕೊಂಡ್ರಾಯ್ತು. ಅವಳ ಮಾತು ಈಗ ಬಿದ್ರೆ ಮತ್ತೆ ಎತ್ತೋಕಾಗಲ್ಲ" ಎಂದರು ಅಪ್ಪ. ನಿನಗೆ ತಿಳಿಸುತ್ತೇನೆಂದು ಹೆದರಿಸಿದ್ದಕ್ಕೇ ಆ ಆಣೆ.

ಅಪ್ಪನೇ ಕಟ್ಟಿದ ಮೇಲೆ ಉಳಿದವರೂ ಮುಖ ಉಳಿಸಿಕೊಳ್ಳಬೇಕಾಯಿತು. ಮೂಲೆಮನೆ ಮಾವ ಹಾಲು ಕೊಡುವ ಹಸುವನ್ನು ಹೊಡೆದುಕೊಂಡು ಹೋಗಿ ಮಾರಿ ಬಂದರು. ಕಂತೇನೋ ಪೂರ್ತಿ ಬಂತು. ನಿನ್ನ ಅಂದಾಜು ಕೂದಲೆಳೆಯಷ್ಟೂ ತಪ್ಪಲಿಲ್ಲವೆಂದು ಸಾಹೇಬರು ಎಲ್ಲರೆದುರು ಹೊಗಳಿದರೆಂದು ನೀನು ಬರೆದೆ. ಒಲೆಯ ಪಕ್ಕ ಕೂತು ಅಪ್ಪನಿಗೆ ಅದನ್ನು ಓದಿ ಹೇಳಿದವಳು ನಾನು. ಆಗಲೇ ಅವರಿಗೆ ಅಕ್ಷರ ಕಾಣುತ್ತಿರಲಿಲ್ಲ. ಆ ಸಾಲನ್ನೇ ಮತ್ತೆ ಮತ್ತೆ ಓದಿಸಿದರು. ನನಗೆ ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ ಕಾಗದವನ್ನು ಒಲೆಗೆ ಹಾಕಬೇಕೆನಿಸಿತು. ನಿನಗೇನೂ ಗೊತ್ತಿರಲಿಲ್ಲ ಎಂಬುದು ನನಗೆ ಗೊತ್ತು. ಆದರೂ ಆ ಸಿಟ್ಟು ಪೂರ್ತಿ ಹೋಗಿಲ್ಲ.

ಈಗ ನೀನು ಮತ್ತೆ ಬರುತ್ತಿರುವುದು ಕಂತು ಏರಿಸಬಹುದೇ ಎಂದು ನೋಡಲು. ಎಲ್ಲರೂ ತಪ್ಪದೆ ಕಟ್ಟಿದ್ದಾರೆ, ಅಂದಮೇಲೆ ಇನ್ನೂ ಕಟ್ಟಬಲ್ಲರು ಎನ್ನುತ್ತಾರಂತೆ ನಿಮ್ಮ ಆಫೀಸಿನಲ್ಲಿ. ಏರಿಸಿದರೂ ಅಪ್ಪ ಕಟ್ಟುತ್ತಾರೆ ಅಕ್ಕಾ. ಕೆಳಗಿನ ತುಂಡು ಹೊಲವನ್ನು ಕೊಡುವ ಮಾತನ್ನು ಆಗಲೇ ಯಾರ ಹತ್ತಿರವೋ ಆಡಿದ್ದಾರೆ. ಅದು ಹೋದರೆ ನಮಗೆ ಉಳಿಯುವುದು ಮನೆ ಹಿಂದಿನ ಚೂರು ಅಷ್ಟೇ.

ತಾಲೀಮಿನ ವಿಷಯ ಕೇಳು. ನಿನ್ನ ಜೀಪಿನ ಸದ್ದು ಕೇಳಿದ ಕೂಡಲೇ ಅಪ್ಪ ಗುದ್ದಲಿ ಹೆಗಲಿಗೇರಿಸಿ ಕಾಲುವೆ ಏರಿಯಿಂದ ನಡೆದು ಬರುವುದು. ಕಾಣದ ಕಣ್ಣಿಗೆ ಕನ್ನಡಕ ಒರೆಸಿ ಹಾಕಿಕೊಳ್ಳುವುದು. ನೀನು ಇಳಿಯುತ್ತಿದ್ದಂತೆ ನಾನು, ಅಯ್ಯೋ ಈ ಹಸಿರು ನಿನಗೆ ಎಷ್ಟು ಚೆನ್ನಾಗಿದೆ ಎಂದೋ, ನೀಲಿ ಎಂದೋ ಕೂಗಬೇಕು. ಆಮೇಲೆ ಅಪ್ಪ ನಿಧಾನವಾಗಿ, ಈ ಬಣ್ಣ ನಿನಗೆ ಒಪ್ಪುತ್ತೆ ಕಣಮ್ಮ ಎನ್ನುತ್ತಾರೆ. ನಿನ್ನೆ ಪೇಪರ್ ಓದುವ ಭಾಗ ಅಭ್ಯಾಸ ಮಾಡಿದರು. ತಲೆಕೆಳಗಾಗಿ ಹಿಡಿದುಕೊಂಡು ಗಂಭೀರವಾಗಿ ಪುಟ ಮಗುಚುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ, ಅವರೂ ನಕ್ಕರು. ಆಮೇಲೆ ನಾನು ಕೊಟ್ಟಿಗೆಗೆ ಹೋಗಿ ಅತ್ತು ಬಂದೆ.

ನಿನ್ನಿಂದ ನನಗೆ ಎರಡು ಕೆಲಸ ಆಗಬೇಕು. ಅಪ್ಪನ ನಾಟಕ ಕೆಡಿಸಬೇಡ. ಅತ್ತು ಕಾಲು ಹಿಡಿಯಬೇಡ, ಆ ಮನುಷ್ಯ ತಡೆದುಕೊಳ್ಳುವುದಿಲ್ಲ. ಆದರೆ ನಿನ್ನ ವರದಿಯಲ್ಲಿ ನಿಜ ಬರೆ. ಈ ಸಲ ಎಷ್ಟು ಕಟ್ಟಿದಿರಿ ಎಂದು ಕೇಳಬೇಡ, ಕಟ್ಟಲು ಏನು ಬಿಟ್ಟಿರಿ ಎಂದು ಕೇಳು. ಮೂಲೆಮನೆ ಮಾವನಿಂದಲೇ ಶುರುಮಾಡು, ಅವರು ಬೈಯುತ್ತಾರೆ, ಬೈಸಿಕೋ. ಹೋದ ಸಲದ ಅಂದಾಜು ತಪ್ಪಿತ್ತೆಂದು ಬರೆದರೆ ನಿನ್ನ ಹೆಸರಿಗೆ ಪೆಟ್ಟು ಬೀಳುತ್ತದೆ, ಗೊತ್ತು. ಅಪ್ಪ ಅದಕ್ಕೆ ಕಣ್ಣು ಕೊಟ್ಟಿದ್ದಾರೆ. ಹೊಲವೂ ಹೋಗುವುದು ಬೇಡ ಅಕ್ಕಾ.

ನಿನ್ನ
ಬಾಯಿಬಡುಕಿ ತಂಗಿ

ಮರೆತಿದ್ದೆ: ಮೇಲೆ ನನ್ನ ಸಾಲುಗಳ ಮೇಲೆಯೇ ಅಡ್ಡಡ್ಡ ಹರಿದಿರುವುದು ಮಸಿ ಚೆಲ್ಲಿದ್ದಲ್ಲ, ಅಪ್ಪನ ಸಹಿ. ಬರೆದು ಮುಗಿಸುವಾಗ ಪಕ್ಕಕ್ಕೆ ಬಂದು ಕೂತು, ಏನು ಬರೆದೆ, ಓದು ಎಂದರು. ಎಲ್ಲರೂ ಚೆನ್ನಾಗಿದ್ದೇವೆ, ಹಸು ಕರು ಹಾಕಿದೆ, ಬೇಗ ಬಾ ಎಂದು ಬೇರೆಯೇ ಕಾಗದ ಓದಿದೆ. "ಕೊಡಿಲ್ಲಿ, ನಾನೂ ಒಂದು ಸಹಿ ಹಾಕ್ತೀನಿ. ಅಪ್ಪನ ಕಣ್ಣು ಚೆನ್ನಾಗಿದೆ ಅಂತ ಅವಳಿಗೂ ಗೊತ್ತಾಗ್ಲಿ" ಎಂದು ಪೆನ್ನು ಕಿತ್ತುಕೊಂಡರು. ಹಾಕಿದ ಮೇಲೆ, ಸರಿಯಾಗಿ ಬಂತಾ ಎಂದು ಕೇಳಿದರು. ಬಂತು ಅಪ್ಪಾ ಎಂದೆ. ಗುರುವಾರ ಕೇಳಿದರೆ ನೀನೂ ಹಾಗೇ ಹೇಳು.