ಮೇಲೆ ಪೇರಿಸಿದ ಬಲೆ

ಅಪ್ಪಯ್ಯ,

ಇವತ್ತು ಬ್ರಹ್ಮಾವರದ ನನ್ನ ಬಾಡಿಗೆ ಕೋಣೆಯಿಂದ ದೂರಶಿಕ್ಷಣದ ವಿದ್ಯಾರ್ಥಿಗಳಿಗೆ ಫೋನಿನ ವಿಡಿಯೊದಲ್ಲೇ ಭೌತಶಾಸ್ತ್ರದ ಪಾಠ ಮಾಡಿದೆ. ಅವರಿಗೆ ಪ್ರಯೋಗಾಲಯವಿಲ್ಲ, ಅಡುಗೆಮನೆಯ ಪಾತ್ರೆಗಳೇ ಉಪಕರಣ. ನೀರು ತುಂಬಿದ ಬೋಗುಣಿಯಲ್ಲಿ ಉದ್ದನೆಯ ಸ್ಟೀಲ್ ಡಬ್ಬಿ ತೇಲಿಬಿಟ್ಟೆ. ಒಳಗೆ ತಳದಲ್ಲಿ ಕಲ್ಲಿಟ್ಟಾಗ ನೆಟ್ಟಗೆ ನಿಂತಿತು. ಅದೇ ಕಲ್ಲನ್ನು ಮುಚ್ಚಳದ ಮೇಲಿಟ್ಟೆ, ಮಗುಚಿತು. ಭಾರ ಮೇಲೇರಿದರೆ ಸಣ್ಣ ಅಲೆಯೂ ಸಾಕು ಎಂದೆ.

ಶಿರೂರಿನಲ್ಲಿ ಮೀನು ಮಾರುತ್ತಲೇ ಓದುತ್ತಿರುವ ಪುಷ್ಪ ಕೇಳಿದರು: "ಸರ್, ದೋಣಿ ಮೇಲೆ ಬಲೆ ರಾಶಿ ಹಾಕಿರೂ ಹೀಂಗೇ ಆತ್ತಾ?"

"ಆತ್ತ್," ಎಂದೆ.

"ಹಂಗಾರೆ ಫೋನ್ ಇಡ್ತೆ ಸರ್. ನಮ್ಮನಿಯವ್ರು ಈಗ ಹೊರಡುಕಾಯ್ತ್, ಹೇಳ್ಕ್," ಎಂದು ಗಂಡನಿಗೆ ತಿಳಿಸಲು ಹೋದರು.

ನೀವು ಕೊನೆಯ ಸಲ ಕಡಲಿಗೆ ಹೊರಟ ಬೆಳಿಗ್ಗೆ ನಾನೂ ದಡದಲ್ಲಿದ್ದೆ, ಅಪ್ಪಯ್ಯ. ನೀವು ನನ್ನನ್ನು ನೋಡಲಿಲ್ಲ ಅಂದುಕೊಂಡಿದ್ದೇನೆ. ಎಂಎಸ್ಸಿ ಓದಿ ಸುಮ್ಮನೆ ಕೂತಿದ್ದೀಯ ಎಂದು ನೀವು ಬೈದ ಮೇಲೆ ನಮ್ಮ ನಡುವೆ ಮಾತು ನಿಂತು ಹನ್ನೊಂದು ದಿನವಾಗಿತ್ತು. ದೋಣಿಯ ಮೇಲೆ ಬಲೆಯ ರಾಶಿ ನಿಮ್ಮ ಎದೆಮಟ್ಟಕ್ಕೆ ಏರಿತ್ತು. ನಾನು ಓದಿದ್ದೆಲ್ಲ ನೆನಪಿತ್ತು. ದೋಣಿ ಹೊಳೆ ಕಡಲು ಸೇರುವ ಅಳಿವೆಯ ಕಡೆ ತಿರುಗುವವರೆಗೂ ನೋಡುತ್ತ ನಿಂತಿದ್ದೆ. ಮಧ್ಯಾಹ್ನದೊಳಗೆ ದೋಣಿ ಮಗುಚಿದ ಸುದ್ದಿ ಬಂತು. ಮೂರನೆಯ ದಿನ ನೀವು ಸಿಕ್ಕಿರಿ.

ಪುಷ್ಪ ಹತ್ತು ನಿಮಿಷದಲ್ಲಿ ಪಾಠಕ್ಕೆ ಮರಳಿದರು. "ಬೈದ್ರ್ ಸರ್. ಆದ್ರೂ ಬಲೆ ಕೆಳಗ್ ಇಳ್ಸಿರ್," ಎಂದು ನಕ್ಕರು.

ಉಳಿದ ಪಾಠ ನನ್ನಿಂದ ಮಾಡಲಾಗಲಿಲ್ಲ, ಅಪ್ಪಯ್ಯ. ಗಂಟಲು ಕೆಟ್ಟಿದೆ ಎಂದು ಅವರಿಗೆ ಸುಳ್ಳು ಹೇಳಿದೆ.